ಮೊದಲು ಬುನಾದಿಯೋ, ನೇರವಾಗಿ ರಿಯಾಕ್ಟೋ?

ನಾನು ವೆಬ್ ಕಲಿತದ್ದು ತಲೆಕೆಳಗಾಗಿ. ಪುಟದ ಹಂದರ ಬರೆಯುವ ಎಚ್‌ಟಿಎಂಎಲ್‌ನ ನಾಲ್ಕು ಟ್ಯಾಗ್ ಗೊತ್ತಿದ್ದವು, ಅಷ್ಟಕ್ಕೇ ರಿಯಾಕ್ಟ್ ಎಂಬ ಫ್ರೇಮ್‌ವರ್ಕ್‌ಗೆ (ಪುಟ ಕಟ್ಟುವ ಕೆಲಸ ಹಗುರ ಮಾಡಲು ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲೇ ಬರೆದಿಟ್ಟ ಚೌಕಟ್ಟು) ಕೈ ಹಾಕಿದೆ. ಮೊದಲ ಪ್ರಾಜೆಕ್ಟ್ ಎಲ್ಲರೂ ಮಾಡುವಂಥದ್ದೇ: ಮಾಡಬೇಕಾದ ಕೆಲಸಗಳ ಪಟ್ಟಿ. ಒಂದು ಇನ್‌ಪುಟ್, ಪಕ್ಕದಲ್ಲಿ ‘ಸೇರಿಸು’ ಅನ್ನುವ ಬಟನ್. ಬಟನ್ ಒತ್ತಿದರೆ ಹೊಸ ಕೆಲಸ ಒಂದು ಕ್ಷಣ ಕಂಡ ಹಾಗೆ ಮಾಡಿ ಮಾಯವಾಗುತ್ತಿತ್ತು. ಎರಡು ದಿನ ರಿಯಾಕ್ಟ್‌ನ ಸ್ಟೇಟ್ (ಪರದೆಯಲ್ಲಿ ಏನಿರಬೇಕು ಎಂದು ನೆನಪಿಟ್ಟುಕೊಳ್ಳುವ ಡೇಟಾ) ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕೋಡನ್ನು ಮೂರು ಸಲ ಅಳಿಸಿ ಬರೆದೆ. ಆದರೆ ತಪ್ಪು ರಿಯಾಕ್ಟ್ ಕಡೆ ಇರಲೇ ಇಲ್ಲ. ಫಾರ್ಮ್ ಒಳಗಿನ ಬಟನ್‌ಗೆ ಟೈಪ್ ಹೇಳದಿದ್ದರೆ ಬ್ರೌಸರ್ ಅದನ್ನು ಸಬ್ಮಿಟ್ ಬಟನ್ ಎಂದೇ ತಿಳಿಯುತ್ತದೆ. ಒತ್ತಿದ ಕೂಡಲೇ ಫಾರ್ಮ್ ಕಳಿಸಿ, ಪುಟವನ್ನು ಮತ್ತೆ ಲೋಡ್ ಮಾಡುತ್ತದೆ. ಪಾಪ, ನನ್ನ ಪಟ್ಟಿ ಪ್ರತಿ ಸಲ ಹೊಸದಾಗಿ ಹುಟ್ಟುತ್ತಿತ್ತು.

ಬ್ರೌಸರ್ ತಾನಾಗಿ ಮಾಡುವುದನ್ನು ತಡೆಯುವ ಪ್ರಿವೆಂಟ್‌ಡೀಫಾಲ್ಟ್ ಎಂಬ ಒಂದೇ ಸಾಲು ಸಾಕಿತ್ತು.

ಆದ್ದರಿಂದ ಯಾರಾದರೂ ‘ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಪೂರ್ತಿ ಕಲಿತು ಫ್ರೇಮ್‌ವರ್ಕ್‌ಗೆ ಹೋಗಲೋ, ನೇರವಾಗಿ ಶುರು ಮಾಡಲೋ’ ಎಂದು ಕೇಳಿದರೆ ನನ್ನ ತಲೆಗೆ ಬರುವುದು ಆ ಎರಡು ದಿನ. ಸಿಎಸ್‌ಎಸ್ ಅಂದರೆ ಪುಟದ ರೂಪ, ಜಾವಾಸ್ಕ್ರಿಪ್ಟ್ ಅಂದರೆ ಅದರ ನಡವಳಿಕೆ; ಎಚ್‌ಟಿಎಂಎಲ್ ಸೇರಿ ಈ ಮೂರೇ ಇಲ್ಲಿ ಬುನಾದಿ. ಕೋಡ್ ಎಲ್ಲರದ್ದೂ ಕೆಡುತ್ತದೆ. ಕೆಟ್ಟಾಗ ಬ್ರೌಸರ್‌ನದ್ದೋ, ಜಾವಾಸ್ಕ್ರಿಪ್ಟ್‌ನದ್ದೋ, ಫ್ರೇಮ್‌ವರ್ಕ್‌ನದ್ದೋ ಎಂದು ಹೇಳಲು ಬರಬೇಕು. ಯಾವ ದಾರಿ ಹಿಡಿದರೂ ಆ ಗುರುತು ಬೇಗ ಸಿಗುತ್ತದಾ ಅನ್ನುವುದೇ ಈ ಹೋಲಿಕೆಯಲ್ಲಿ ನನ್ನ ಅಳತೆಗೋಲು. ಇರುವ ದಾರಿಗಳು ಸುಮಾರಾಗಿ ಮೂರು.

ದಾರಿ ಒಂದು: ನೇರವಾಗಿ ಫ್ರೇಮ್‌ವರ್ಕ್

ಇದನ್ನು ಬಯ್ಯುವುದು ಸುಲಭ. ಆದರೆ ಇದರಲ್ಲಿ ನಿಜವಾದ ಲಾಭ ಇದೆ. ಮೊದಲ ವಾರವೇ ಕಣ್ಣಿಗೆ ಕಾಣುವಂಥದ್ದೊಂದು ಕೈಯಲ್ಲಿರುತ್ತದೆ. ಆ ಖುಷಿ ಇಲ್ಲದೆ ಎಷ್ಟೋ ಜನ ಕಲಿಯುವುದನ್ನೇ ಬಿಡುತ್ತಾರೆ. ಮುಂದಿನ ವಾರ ಒಂದು ತಂಡ ಸೇರಬೇಕು, ಅಲ್ಲಿ ವ್ಯೂ ಎಂಬ ಇನ್ನೊಂದು ಫ್ರೇಮ್‌ವರ್ಕ್ ಬಳಸುತ್ತಾರೆ ಅಂದರೆ ಬೇರೆ ದಾರಿಯೂ ಇಲ್ಲ. ಜಾವಾ, ಪೈಥಾನ್ ಮುಂತಾದ ಭಾಷೆಯಲ್ಲಿ ಈಗಾಗಲೇ ಕೈ ಪಳಗಿದವರಿಗೂ ಇದು ನಡೆಯುತ್ತದೆ. ಲೂಪ್, ಫಂಕ್ಷನ್, ಆಬ್ಜೆಕ್ಟ್ ಎಂದರೆ ಅವರಿಗೆ ಹೊಸದೇನಲ್ಲ. ಅವರು ಸಾಮಾನ್ಯವಾಗಿ ಎಡವುವುದು ಸಿಎಸ್‌ಎಸ್‌ನಲ್ಲಿ. ‘ಇದೊಂದು ಬಣ್ಣ ಬಳಿಯುವ ಕೆಲಸ’ ಎಂದುಕೊಂಡು ಬಂದು, ಒಂದು ಪೆಟ್ಟಿಗೆಯನ್ನು ಪುಟದ ನಡುವೆ ಕೂರಿಸಲು ಅರ್ಧ ದಿನ ಕಳೆಯುತ್ತಾರೆ.

ಕಷ್ಟ ಇರುವುದು ಹೊಸಬರಿಗೆ. ಫ್ರೇಮ್‌ವರ್ಕ್ ತನ್ನ ಕೆಲಸ ತಾನು ಸರಿಯಾಗಿ ಮಾಡುತ್ತಿರುತ್ತದೆ, ಕೆಳಗಿನ ಭಾಷೆಯ ನಿಯಮ ಕಾಲಿಗೆ ತೊಡರುತ್ತದೆ. ರಿಯಾಕ್ಟ್‌ನಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ನೋಡಿ. ಸ್ಟೇಟ್‌ನಲ್ಲಿ ಒಂದು ಅರೇ (ಐಟಂಗಳ ಪಟ್ಟಿ) ಇದೆ. ಅದಕ್ಕೆ ಹೊಸ ಐಟಂ ಪುಶ್ ಮಾಡಿ, ಅದೇ ಅರೇಯನ್ನು ಮತ್ತೆ ಸ್ಟೇಟ್‌ಗೆ ಕೊಡುತ್ತೀರಿ. ಪರದೆ ಬದಲಾಗುವುದಿಲ್ಲ. ಕನ್ಸೋಲ್‌ನಲ್ಲಿ ನೋಡಿದರೆ ಹೊಸ ಐಟಂ ಒಳಗೇ ಇದೆ! ಕಾರಣ ಇಷ್ಟೇ: ಪುಶ್ ಹೊಸ ಅರೇ ಮಾಡುವುದಿಲ್ಲ, ಇದ್ದದ್ದಕ್ಕೇ ಸೇರಿಸುತ್ತದೆ. ರಿಯಾಕ್ಟ್ ಹಳೆಯದನ್ನೂ ಹೊಸದನ್ನೂ ಹೋಲಿಸಿದಾಗ ಎರಡೂ ಒಂದೇ ಎಂದು ಕಾಣುತ್ತದೆ. ಒಂದೇ ಆದ ಮೇಲೆ ಮತ್ತೆ ಚಿತ್ರಿಸುವುದು ಯಾಕೆ ಎಂದು ಸುಮ್ಮನಾಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಅರೇಯನ್ನು ಹಿಡಿದಿರುವುದಿಲ್ಲ, ಅದರ ವಿಳಾಸವನ್ನು ಹಿಡಿದಿರುತ್ತದೆ ಎಂದು ಗೊತ್ತಿರುವವರಿಗೆ ಇದು ಎರಡು ನಿಮಿಷದ ವಿಷಯ. ಗೊತ್ತಿಲ್ಲದವರು ರಿಯಾಕ್ಟ್‌ನಲ್ಲಿ ಬಗ್ ಇದೆ ಎಂದು ನಂಬುತ್ತಾರೆ. ನಾನೂ ನಂಬಿದ್ದೆ.

ಇನ್ನೊಂದು, ಸೆಕೆಂಡ್ ಎಣಿಸುವ ಕೌಂಟರ್. ರಿಯಾಕ್ಟ್‌ನ ಯೂಸ್‌ಇಫೆಕ್ಟ್ ಒಳಗೆ, ಹೇಳಿದಷ್ಟು ಹೊತ್ತಿಗೊಮ್ಮೆ ಫಂಕ್ಷನ್ ಓಡಿಸುವ ಸೆಟ್‌ಇಂಟರ್ವಲ್ ಹಾಕಿ, ಡಿಪೆಂಡೆನ್ಸಿ ಪಟ್ಟಿ (ಏನು ಬದಲಾದರೆ ಮತ್ತೆ ಓಡಬೇಕು ಎಂಬುದು) ಖಾಲಿ ಬಿಟ್ಟು, ‘ಈಗಿನ ಎಣಿಕೆಗೆ ಒಂದು ಸೇರಿಸು’ ಎಂದು ಬರೆದರೆ ಅದು 1ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಆ ಫಂಕ್ಷನ್ ತಾನು ಹುಟ್ಟಿದ ಹೊತ್ತಿನಲ್ಲಿ ಕಂಡ ಸೊನ್ನೆಯನ್ನೇ ಕೊನೆಯವರೆಗೂ ನೋಡುತ್ತಿರುತ್ತದೆ. ಇದಕ್ಕೆ ಕ್ಲೋಶರ್ ಎಂದು ಹೆಸರು. ಯೂಸ್‌ಇಫೆಕ್ಟ್‌ನಂಥ ಹುಕ್ಸ್ ರಿಯಾಕ್ಟ್‌ಗೆ ಬಂದದ್ದು 2019ರಲ್ಲಿ. ಕ್ಲೋಶರ್ ಅದಕ್ಕಿಂತ ಎಷ್ಟೋ ಮೊದಲಿನಿಂದ ಜಾವಾಸ್ಕ್ರಿಪ್ಟ್‌ನಲ್ಲಿದೆ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು, ಒಂದಲ್ಲ ಒಂದು ದಿನ ಸರಿಹೋಗುತ್ತವೆ. ಕಾಣದೇ ಉಳಿಯುವವು ಜಾಸ್ತಿ ಕೆಟ್ಟವು. ಕಾಂಪೊನೆಂಟ್‌ನಲ್ಲೇ (ಫ್ರೇಮ್‌ವರ್ಕ್‌ನಲ್ಲಿ ಪುಟ ಕಟ್ಟುವ ತುಂಡುಗಳಲ್ಲೇ) ಯೋಚಿಸಲು ಕಲಿತವರು ಎಲ್ಲಕ್ಕೂ ಡಿವ್ ಎಂಬ ಅರ್ಥವಿಲ್ಲದ ಬರೀ ಪೆಟ್ಟಿಗೆ ಟ್ಯಾಗ್ ಹಾಕುತ್ತಾರೆ. ಡಿವ್‌ಗೆ ಕ್ಲಿಕ್ ಕೊಟ್ಟು ಬಟನ್ ತರ ಬಣ್ಣ ಹಚ್ಚುತ್ತಾರೆ. ಮೌಸ್ ಹಿಡಿದವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತಿಕೊಂಡು ಬರುವವರಿಗೆ ಆ ಬಟನ್ ಸಿಗುವುದೇ ಇಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬಟನ್ ಎಂದು ಹೇಳುವುದಿಲ್ಲ. ನಿಜವಾದ ಬಟನ್ ಟ್ಯಾಗ್ ಬಳಸಿದ್ದರೆ ಫೋಕಸ್, ಎಂಟರ್ ಕೀ, ಸ್ಪೇಸ್ ಕೀ ಎಲ್ಲ ಪುಕ್ಕಟೆಯಾಗಿ ಬರುತ್ತಿತ್ತು. ಇದಕ್ಕೆ ಯಾವ ಎರರ್ ಮೆಸೇಜೂ ಬರುವುದಿಲ್ಲ. ಹಾಗಾಗಿ ಯಾರೋ ಹೇಳುವವರೆಗೆ ಅದು ಹಾಗೇ ಇರುತ್ತದೆ.

ದಾರಿ ಎರಡು: ಬುನಾದಿ ಪೂರ್ತಿ ಮುಗಿಸಿ ಆಮೇಲೆ

ಈ ದಾರಿಯ ದೊಡ್ಡ ಬಲ ಬಾಳಿಕೆ. ವೆಬ್‌ನಲ್ಲಿ ಒಂದು ಅಲಿಖಿತ ಕಟ್ಟಳೆ ಇದೆ: ಹಳೆಯ ಪುಟ ಒಡೆಯಬಾರದು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಸರ್ನ್ ಎಂಬ ಭೌತಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಇದ್ದಾಗ ಮಾಡಿದ ಮೊದಲ ವೆಬ್‌ಸೈಟ್‌ನ ಪುಟಗಳು ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತವೆ. ಫ್ರೇಮ್‌ವರ್ಕ್‌ಗಳಿಗೆ ಈ ಹಂಗಿಲ್ಲ. 2006ರಲ್ಲಿ ಬಂದ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಕಲಿಯದೆ ಕೆಲಸವೇ ಇಲ್ಲ ಅನ್ನುವ ಕಾಲ ಇತ್ತು. 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್‌ಗೆ 2021ರ ಕೊನೆಗೆ ಬೆಂಬಲ ನಿಂತಿತು. ನಡುವೆ 2016ರಲ್ಲಿ ಬಂದ ಹೊಸ ಆಂಗ್ಯುಲರ್ ಹಳೆಯದರ ಜೊತೆ ಹೊಂದುತ್ತಲೇ ಇರಲಿಲ್ಲ. ವ್ಯೂ 2ರ ಬೆಂಬಲ 2023ರ ಕೊನೆಗೆ ಮುಗಿಯಿತು. ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಲು ಎಲ್ಲರೂ ಬಳಸುತ್ತಿದ್ದ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬೇಡ ಎಂದು 2025ರಲ್ಲಿ ರಿಯಾಕ್ಟ್ ತಂಡವೇ ಹೇಳಿತು. ಆದರೆ ಈ ಇಡೀ ಹೊತ್ತಿನಲ್ಲಿ ಫಾರ್ಮ್ ಹೇಗೆ ಕಳಿಸಬೇಕು, ಕ್ಲಿಕ್ ಒಳಗಿನ ಎಲಿಮೆಂಟ್‌ನಿಂದ ಹೊರಗಿನದಕ್ಕೆ ಹೇಗೆ ಹೋಗುತ್ತದೆ ಅನ್ನುವುದು ಬದಲಾಗಲಿಲ್ಲ.

ಈ ಕಟ್ಟಳೆಗೆ ಒಂದು ತಮಾಷೆಯ ಮುಖವೂ ಇದೆ. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದರು. ಹಳೆಯದನ್ನು ಒಡೆಯುವ ಹಾಗಿಲ್ಲವಲ್ಲ, ಹಾಗಾಗಿ ಆ ಕಾಲದ ವಿಚಿತ್ರಗಳೂ ಜೊತೆಗೇ ಉಳಿದಿವೆ. 10, 9, 1 ಎಂಬ ಅರೇಗೆ ಸುಮ್ನೆ ಸಾರ್ಟ್ ಅಂದರೆ 1, 10, 9 ಎಂದು ಬರುತ್ತದೆ. ಸಂಖ್ಯೆಗಳನ್ನು ಪದಗಳೆಂದು ತಿಳಿದು ಜೋಡಿಸುತ್ತದೆ. ಇಂಥದ್ದು ಎಷ್ಟೋ ಇವೆ.

ಈ ದಾರಿಯ ತೊಂದರೆ ‘ಪೂರ್ತಿ’ ಅನ್ನುವ ಪದದಲ್ಲಿದೆ. ಸಿಎಸ್‌ಎಸ್ ಯಾರಿಗೂ ಪೂರ್ತಿ ಬರುವುದಿಲ್ಲ. ಪ್ರತಿ ವರ್ಷ ಹೊಸದು ಸೇರುತ್ತಲೇ ಇರುತ್ತದೆ. ಒಂದು ವರ್ಷ ಕೋರ್ಸ್ ಮೇಲೆ ಕೋರ್ಸ್ ನೋಡಿ, ಪ್ರೋಟೋಟೈಪ್ ಚೈನ್‌ನಂಥ ಜಾವಾಸ್ಕ್ರಿಪ್ಟ್‌ನ ಒಳವಿಷಯಗಳ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದು, ಒಂದು ಪುಟವನ್ನೂ ಸ್ವಂತವಾಗಿ ಮಾಡದೇ ಇರುವವರನ್ನು ನೋಡಿದ್ದೇನೆ. ಅವರಿಗೆ ‘ಇನ್ನೂ ರೆಡಿ ಆಗಿಲ್ಲ’ ಅನ್ನುವುದೇ ಒಂದು ಅಭ್ಯಾಸವಾಗಿಬಿಡುತ್ತದೆ. ನೇರವಾಗಿ ರಿಯಾಕ್ಟ್‌ಗೆ ಹಾರಿದವನಾದರೂ ತಪ್ಪು ಮಾಡಿ ಏನೋ ಒಂದು ಕಲಿತಿರುತ್ತಾನೆ ಅಲ್ವಾ?

ದಾರಿ ಮೂರು: ಅಳತೆ ಹಾಕಿ ಕಲಿತು, ಮೂರು ಕಟ್ಟಿ, ದಾಟುವುದು

ಏನೂ ಗೊತ್ತಿಲ್ಲದೆ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಬುನಾದಿ ಮೊದಲು, ಆದರೆ ಒಂದು ಗೆರೆ ಎಳೆದು. ಆ ಗೆರೆಯನ್ನು ವಿಷಯಗಳ ಪಟ್ಟಿಯಿಂದ ಎಳೆಯಬೇಡಿ, ಕಟ್ಟಿದ ವಸ್ತುಗಳಿಂದ ಎಳೆಯಿರಿ. ಫ್ರೇಮ್‌ವರ್ಕ್ ಇಲ್ಲದೆ ಮೂರು ಪ್ರಾಜೆಕ್ಟ್.

ಮೊದಲನೆಯದು ಓದುವ ಪುಟ. ಶೀರ್ಷಿಕೆ, ಪ್ಯಾರಾ, ಚಿತ್ರ, ಒಂದು ಟೇಬಲ್, ಕೆಳಗೆ ಸಂಪರ್ಕದ ಫಾರ್ಮ್. ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಡ. ಫೋನಿನಲ್ಲೂ ದೊಡ್ಡ ಪರದೆಯಲ್ಲೂ ಚೆನ್ನಾಗಿ ಕಾಣಬೇಕು. ಎಚ್‌ಟಿಎಂಎಲ್‌ಗೆ ಒಂದು ವಾರ ಸಾಕು. ಹೆಡಿಂಗ್‌ಗಳ ಕ್ರಮ, ಲೇಬಲ್ ಮತ್ತು ಇನ್‌ಪುಟ್ ಜೋಡಿ, ಬಟನ್ ಯಾವಾಗ, ಲಿಂಕ್ ಯಾವಾಗ ಎಂಬುದು ತಿಳಿದರೆ ಮುಂದೆ ಹೋಗಿ. ಉಳಿದ ಟ್ಯಾಗ್‌ಗಳನ್ನು ಬೇಕಾದಾಗ ಹುಡುಕಿಕೊಳ್ಳಬಹುದು.

ಸಿಎಸ್‌ಎಸ್‌ಗೆ ಮಾತ್ರ ಸಮಯ ಕೊಡಿ. ಜನ ಅವಸರ ಮಾಡುವುದು ಇಲ್ಲೇ. ಒಂದು ಪೆಟ್ಟಿಗೆಗೆ 300 ಪಿಕ್ಸೆಲ್ ಅಗಲ ಕೊಟ್ಟು, ಎರಡೂ ಕಡೆ 20 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), 1 ಪಿಕ್ಸೆಲ್ ಬಾರ್ಡರ್ ಹಾಕಿದರೆ ಅದು ಪರದೆಯ ಮೇಲೆ 342 ಪಿಕ್ಸೆಲ್ ಜಾಗ ತಿನ್ನುತ್ತದೆ. ಯಾಕೆ ಎಂದು ಅರ್ಥವಾದ ದಿನ, ಬಾಕ್ಸ್-ಸೈಜಿಂಗ್ ಅನ್ನು ಬಾರ್ಡರ್-ಬಾಕ್ಸ್ ಮಾಡಿ ಎಂದು ಎಲ್ಲರೂ ಯಾಕೆ ಹೇಳುತ್ತಾರೆ ಅನ್ನುವುದೂ ಅರ್ಥವಾಗುತ್ತದೆ. ಆಮೇಲೆ ಎರಡು ನಿಯಮ ಒಂದೇ ಎಲಿಮೆಂಟ್ ಮೇಲೆ ಜಗಳ ಆಡಿದಾಗ ಯಾವುದು ಗೆಲ್ಲುತ್ತದೆ ಅನ್ನುವುದು. ಇದು ಗೊತ್ತಿಲ್ಲದವರು ಕಂಡಕಂಡಲ್ಲಿ ‘ಇಂಪಾರ್ಟೆಂಟ್’ ಹಾಕುತ್ತಾ ಹೋಗುತ್ತಾರೆ. ಅದಾದ ಮೇಲೆ ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್. ಒಂದೇ ಸಾಲಿನಲ್ಲಿ ಜೋಡಿಸಲು ಫ್ಲೆಕ್ಸ್, ಅಡ್ಡ-ಉದ್ದ ಎರಡೂ ಕಡೆ ಹಿಡಿತ ಬೇಕೆಂದರೆ ಗ್ರಿಡ್. ಗ್ರಿಡ್ 2017ರಿಂದ ಮುಖ್ಯ ಬ್ರೌಸರ್‌ಗಳಲ್ಲಿ ಇದೆ. ಇನ್ನೂ ಫ್ಲೋಟ್ ಎಂಬ ಹಳೆಯ ಉಪಾಯದಿಂದ ಪುಟ ಕಟ್ಟಲು ಕಲಿಸುವ ಪಾಠ ಸಿಕ್ಕರೆ ಮುಚ್ಚಿಬಿಡಿ.

ಎರಡನೆಯದು ಒಂದು ರಸಪ್ರಶ್ನೆ. ಪ್ರಶ್ನೆ ತೋರಿಸುವುದು, ಉತ್ತರ ಪಡೆಯುವುದು, ಅಂಕ ಎಣಿಸುವುದು. ಇಲ್ಲಿ ಜಾವಾಸ್ಕ್ರಿಪ್ಟ್ ಬರುತ್ತದೆ: ಎಲಿಮೆಂಟ್ ಹುಡುಕುವುದು, ಇವೆಂಟ್ ಕೇಳಿಸಿಕೊಳ್ಳುವುದು, ಪುಟ ಬದಲಿಸುವುದು. ಬಳಕೆದಾರ ಬರೆದದ್ದನ್ನು ಪುಟದಲ್ಲಿ ತೋರಿಸುವಾಗ ಟೆಕ್ಸ್ಟ್‌ಕಂಟೆಂಟ್ ಬಳಸಿ, ಇನ್ನರ್‌ಎಚ್‌ಟಿಎಂಎಲ್ ಬೇಡ. ಯಾರಾದರೂ ತಮ್ಮ ಹೆಸರಿನ ಜಾಗದಲ್ಲಿ ಕೋಡ್ ಬರೆದರೆ ಅದು ನಿಮ್ಮ ಪುಟದಲ್ಲೇ ಓಡಬಹುದು.

ಮೂರನೆಯದರಲ್ಲಿ ಅಸಲಿ ಪಾಠ ಇದೆ. ಹೊರಗಿನಿಂದ ಡೇಟಾ ತರುವ ಪುಟ. ಹುಡುಕಾಟ, ಫಿಲ್ಟರ್, ‘ಇಷ್ಟವಾದವು’ ಎಂದು ಗುರುತು ಹಾಕುವುದು, ಗುರುತು ಹಾಕಿದ್ದನ್ನು ಬ್ರೌಸರ್‌ನಲ್ಲೇ ಉಳಿಯುವ ಲೋಕಲ್‌ಸ್ಟೋರೇಜ್‌ನಲ್ಲಿ ಇಡುವುದು. ಡೇಟಾ ಬರುತ್ತಿರುವಾಗ ಏನು ತೋರಿಸಬೇಕು, ಬರದಿದ್ದರೆ ಏನು, ಬಂದೂ ಖಾಲಿ ಇದ್ದರೆ ಏನು? ಒಂದು ಎಚ್ಚರಿಕೆ: ಸರ್ವರ್ 404 (ಸಿಗಲಿಲ್ಲ) ಎಂದು ಉತ್ತರ ಕೊಟ್ಟರೂ, ಡೇಟಾ ತರುವ ಫೆಚ್ ಅದನ್ನು ಎರರ್ ಎಂದು ಎಸೆಯುವುದಿಲ್ಲ. ಉತ್ತರ ಸರಿ ಇದೆಯಾ ಎಂದು ನೀವೇ ನೋಡಬೇಕು. ಈ ಹೊತ್ತಿಗೆ 2015ರಲ್ಲಿ ಭಾಷೆಗೆ ಸೇರಿದ ಲೆಟ್, ಕಾನ್ಸ್ಟ್, ಆ್ಯರೋ ಫಂಕ್ಷನ್, ಡಿಸ್ಟ್ರಕ್ಚರಿಂಗ್, ಮಾಡ್ಯೂಲ್ ಇವೆಲ್ಲ ತಾನಾಗೇ ಕೈಗೆ ಹತ್ತುತ್ತವೆ. ಜೊತೆಗೆ ಮ್ಯಾಪ್, ಫಿಲ್ಟರ್, ಅಸಿಂಕ್-ಅವೈಟ್. ರಿಯಾಕ್ಟ್ ಕೋಡ್ ಓದುವಾಗ ಸಾಲುಸಾಲಿಗೂ ಎದುರಾಗುವುದು ಇವೇ.

ಈ ಪ್ರಾಜೆಕ್ಟ್ ಅರ್ಧ ದಾರಿಗೆ ಬಂದಾಗ ನಿಮಗೆ ತಲೆ ಬಿಸಿಯಾಗುತ್ತದೆ. ಆಗಬೇಕು. ಒಂದು ಗುರುತು ತೆಗೆದರೆ ಪಟ್ಟಿ ಬದಲಾಗಬೇಕು, ಮೇಲಿನ ಎಣಿಕೆ ಬದಲಾಗಬೇಕು, ಸ್ಟೋರೇಜ್ ಬದಲಾಗಬೇಕು. ಮೂರರಲ್ಲಿ ಒಂದನ್ನು ಮರೆತಿರುತ್ತೀರಿ. ಎಣಿಕೆ 4 ಅನ್ನುತ್ತದೆ, ಪಟ್ಟಿಯಲ್ಲಿ 3 ಇರುತ್ತದೆ. ‘ಡೇಟಾ ಒಂದೇ ಕಡೆ ಇರಲಿ, ಪರದೆ ಅದನ್ನು ನೋಡಿಕೊಂಡು ತಾನೇ ಬದಲಾಗಲಿ’ ಎಂದು ನಿಮಗೇ ಅನ್ನಿಸುತ್ತದೆ. ರಿಯಾಕ್ಟ್, ವ್ಯೂ, ಸ್ವೆಲ್ಟ್ ಎಲ್ಲವೂ ಹುಟ್ಟಿದ್ದು ಈ ನೋವಿಗೇ. ನೋವು ಕಂಡ ಮೇಲೆ ಮದ್ದಿನ ಬೆಲೆ ಗೊತ್ತಾಗುತ್ತದೆ. ಇಲ್ಲಿಗೆ ಬಂದರೆ ಸಾಕು, ದಾಟಿ.

ದಿನಕ್ಕೆ ಎರಡು ಗಂಟೆ ಕೊಟ್ಟರೆ ಇದಕ್ಕೆಲ್ಲ ಮೂರು ನಾಲ್ಕು ತಿಂಗಳು ಎಂದು ನನ್ನ ಅಂದಾಜು. ಆರು ತಿಂಗಳು ದಾಟುತ್ತಿದ್ದರೆ ನೀವು ಕಟ್ಟುವುದು ಬಿಟ್ಟು ನೋಡುವುದನ್ನು ಜಾಸ್ತಿ ಮಾಡುತ್ತಿದ್ದೀರಿ.

ನಡುವೆ ಬರುವ ಚಿಕ್ಕ ಆಯ್ಕೆಗಳು

ಬರೀ ಸಿಎಸ್‌ಎಸ್ ಕಲಿಯುವುದೋ, ಬೂಟ್‌ಸ್ಟ್ರಾಪ್ ಅಥವಾ ಟೇಲ್‌ವಿಂಡ್‌ನಂಥ ರೆಡಿ ಸಿಎಸ್‌ಎಸ್ ಹಿಡಿಯುವುದೋ? ಮೇಲಿನ ಮೊದಲ ಎರಡು ಪ್ರಾಜೆಕ್ಟ್ ಬರೀ ಸಿಎಸ್‌ಎಸ್‌ನಲ್ಲೇ ಮಾಡಿ. ಟೇಲ್‌ವಿಂಡ್‌ನ ಹೆಚ್ಚಿನ ಕ್ಲಾಸ್‌ಗಳು ಒಂದೊಂದು ಸಿಎಸ್‌ಎಸ್ ಪ್ರಾಪರ್ಟಿಗೆ ಇಟ್ಟ ಚುಟುಕು ಹೆಸರು. ಮೂಲ ಗೊತ್ತಿದ್ದರೆ ಒಂದು ದಿನದಲ್ಲಿ ಕಲಿಯಬಹುದು. ಗೊತ್ತಿಲ್ಲದಿದ್ದರೆ ಬಾರದ ಭಾಷೆಯ ಶಾರ್ಟ್‌ಹ್ಯಾಂಡ್ ಕಲಿತ ಹಾಗೆ. ಬೂಟ್‌ಸ್ಟ್ರಾಪ್ ರೆಡಿಮೇಡ್ ಬಟನ್, ಕಾರ್ಡ್, ಮೆನು ಕೊಡುತ್ತದೆ. ಬೇಗ ಏನಾದರೂ ತೋರಿಸಬೇಕಾದಾಗ ಒಳ್ಳೆಯದು, ಕಲಿಯಲು ಅಷ್ಟಾಗಿ ಒದಗುವುದಿಲ್ಲ.

ಜಾವಾಸ್ಕ್ರಿಪ್ಟೋ, ಟೈಪ್‌ಸ್ಕ್ರಿಪ್ಟೋ? ಮೊದಲು ಜಾವಾಸ್ಕ್ರಿಪ್ಟ್. ಟೈಪ್‌ಸ್ಕ್ರಿಪ್ಟ್ ಅಂದರೆ ಜಾವಾಸ್ಕ್ರಿಪ್ಟ್‌ಗೇ ಟೈಪ್ (ಎಲ್ಲಿ ಎಂಥ ಡೇಟಾ ಇರಬೇಕು ಎಂಬುದು) ಸೇರಿಸಿದ ಭಾಷೆ. ಆ ಟೈಪ್‌ಗಳು ಬ್ರೌಸರ್‌ಗೆ ಹೋಗುವ ಮೊದಲೇ ಉದುರಿಹೋಗುತ್ತವೆ, ಓಡುವುದು ಜಾವಾಸ್ಕ್ರಿಪ್ಟೇ. ಫ್ರೇಮ್‌ವರ್ಕ್ ಜೊತೆಗೆ ಅದನ್ನೂ ಸೇರಿಸಿಕೊಳ್ಳಿ. ಕೆಲಸದ ಜಾಗಗಳಲ್ಲಿ ಅದು ಬೇಕೇ ಬೇಕಾಗುತ್ತದೆ.

ವಿಡಿಯೋ ಕೋರ್ಸೋ, ಓದಿ ಕಲಿಯುವುದೋ? ಶುರುವಿಗೆ ವಿಡಿಯೋ ತಪ್ಪಲ್ಲ. ಆದರೆ ಸಂಶಯ ಬಂದಾಗ ಹೋಗಬೇಕಾದ ಜಾಗ ಎಂಡಿಎನ್ ಎಂಬ ವೆಬ್ ಕೈಪಿಡಿ ತಾಣ. ಮೊದಲ ಸಲ ಅದು ಒಣ ಎನಿಸುತ್ತದೆ, ನಿಜ. ಒಂದು ತಿಂಗಳು ರೂಢಿ ಮಾಡಿಕೊಳ್ಳಿ. ಸಾಲಾಗಿ ಹೇಳಿಕೊಡುವ ಪಾಠ ಬೇಕಿದ್ದರೆ ಫ್ರೀಕೋಡ್‌ಕ್ಯಾಂಪ್ ಮತ್ತು ದಿ ಓಡಿನ್ ಪ್ರಾಜೆಕ್ಟ್ ಎರಡೂ ಉಚಿತ. ಮೊದಲನೆಯದು ಬ್ರೌಸರ್‌ನಲ್ಲೇ ಚಿಕ್ಕ ಚಿಕ್ಕ ಹೆಜ್ಜೆ ಹಾಕಿಸುತ್ತದೆ. ಎರಡನೆಯದು ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಎಡಿಟರ್, ಗಿಟ್ (ಕೋಡ್‌ನ ಹಳೆಯ ರೂಪಗಳನ್ನು ಕಾಪಾಡುವ ಸಾಧನ) ಎಲ್ಲ ಹಾಕಿಸಿಕೊಂಡು ಕೆಲಸ ಮಾಡಿಸುತ್ತದೆ. ಪರದಾಡಲು ತಯಾರಿದ್ದರೆ ನನ್ನ ಓಟು ಎರಡನೆಯದಕ್ಕೆ.

ಎಐ ಹತ್ತಿರ ಕೋಡ್ ಬರೆಸುವುದು? ಕಲಿಯುವಾಗ ಬರೆಸಬೇಡಿ, ವಿವರಿಸಲು ಹೇಳಿ. ಅದು ಕೊಡುವ ಕೋಡ್ ಎಷ್ಟೋ ಸಲ ಸರಿಯಾಗೇ ಇರುತ್ತದೆ. ತಪ್ಪಿದ್ದಾಗ ಕಂಡುಹಿಡಿಯಬೇಕಾದವರು ನೀವು. ಫಾರ್ಮ್ ಯಾಕೆ ರೀಲೋಡ್ ಆಗುತ್ತದೆ ಎಂದು ಗೊತ್ತಿಲ್ಲದಿದ್ದರೆ ಏನು ಕೇಳಬೇಕು ಎಂಬುದೂ ಗೊತ್ತಿರುವುದಿಲ್ಲ.

ದಾಟಿದ ಮೇಲೆ ಯಾವುದು?

ಇದರ ಬಗ್ಗೆ ಜನ ಜಗಳವಾಡುವಷ್ಟು ವ್ಯತ್ಯಾಸ ಇಲ್ಲ. ಕೆಲಸ ಹುಡುಕುವುದೇ ಗುರಿಯಾದರೆ ರಿಯಾಕ್ಟ್. ಬಳಸುವವರೂ ಜಾಸ್ತಿ, ಸಹಾಯವೂ ಜಾಸ್ತಿ. ಆದರೆ ಅದು ಪರದೆ ಚಿತ್ರಿಸುವ ಕೆಲಸವನ್ನಷ್ಟೇ ಮಾಡುತ್ತದೆ. ರೂಟಿಂಗ್ (ಯಾವ ವಿಳಾಸಕ್ಕೆ ಯಾವ ಪರದೆ ಎಂಬುದು) ಮುಂತಾದವನ್ನು ನೀವೇ ಆರಿಸಿಕೊಳ್ಳಬೇಕು. ಎಚ್‌ಟಿಎಂಎಲ್ ಬರೆದ ಕೈಗೆ ವ್ಯೂ ಹತ್ತಿರ ಅನ್ನಿಸುತ್ತದೆ. ಒಂದೇ ಫೈಲಿನಲ್ಲಿ ಟೆಂಪ್ಲೇಟ್, ಸ್ಕ್ರಿಪ್ಟ್, ಸ್ಟೈಲ್ ಮೂರೂ ಬೇರೆಬೇರೆಯಾಗಿ ಕೂತಿರುತ್ತವೆ. ರೂಟಿಂಗ್‌ಗೆ ಅವರದ್ದೇ ಲೈಬ್ರರಿ ಇದೆ. ಸ್ವೆಲ್ಟ್‌ನಲ್ಲಿ ಬರೆಯುವ ಕೋಡ್ ಕಡಿಮೆ. ಅದು ಕಂಪೈಲರ್, ಹೆಚ್ಚಿನ ಕೆಲಸವನ್ನು ಬ್ರೌಸರ್‌ಗೆ ಹೋಗುವ ಮೊದಲೇ ಮುಗಿಸುತ್ತದೆ. ಆಂಗ್ಯುಲರ್‌ನಲ್ಲಿ ಎಲ್ಲವೂ ಒಳಗೇ ಇದೆ, ಟೈಪ್‌ಸ್ಕ್ರಿಪ್ಟ್ ಜೊತೆಗೇ ಬರುತ್ತದೆ. ದೊಡ್ಡ ತಂಡ ಸೇರುವುದಿದ್ದರೆ ಮಾತ್ರ ಅದರಿಂದ ಶುರು ಮಾಡಿ.

ಯಾವುದನ್ನೇ ಆರಿಸಿ, ಅದರಲ್ಲಿ ಮೊದಲು ಮಾಡಬೇಕಾದದ್ದು ನಿಮ್ಮ ಮೂರನೇ ಪ್ರಾಜೆಕ್ಟನ್ನೇ ಮತ್ತೆ ಬರೆಯುವುದು. ಏನು ಮಾಡಬೇಕು ಎಂಬುದು ಗೊತ್ತಿದೆ, ಹೊಸದೇನಿದ್ದರೂ ಫ್ರೇಮ್‌ವರ್ಕ್‌ನದ್ದು. ಯಾವ ಸಾಲುಗಳು ಮಾಯವಾದವು, ಯಾವುವು ಹಾಗೇ ಉಳಿದವು ಎಂದು ಎರಡೂ ಫೈಲ್ ಪಕ್ಕಪಕ್ಕ ಇಟ್ಟು ನೋಡಿ.

ಈಗಾಗಲೇ ಫ್ರೇಮ್‌ವರ್ಕ್‌ನಲ್ಲಿ ಕೆಲಸ ಮಾಡುತ್ತಾ, ಕೆಳಗೆ ಟೊಳ್ಳು ಇದೆ ಎಂದು ಅನ್ನಿಸುತ್ತಿದ್ದರೆ ಎಲ್ಲ ಬಿಟ್ಟು ಹಿಂದಕ್ಕೆ ಹೋಗಬೇಕಿಲ್ಲ. ವಾರಕ್ಕೊಂದು ಕಾಂಪೊನೆಂಟ್ ತಗೊಳ್ಳಿ. ಒಂದು ಡ್ರಾಪ್‌ಡೌನ್, ಒಂದು ಟ್ಯಾಬ್ ಪಟ್ಟಿ. ಅದನ್ನು ಯಾವ ಲೈಬ್ರರಿಯೂ ಇಲ್ಲದೆ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಮಾಡಿ. ಮೌಸ್ ಪಕ್ಕಕ್ಕಿಟ್ಟು ಕೀಬೋರ್ಡ್‌ನಲ್ಲಷ್ಟೇ ಬಳಸಿ ನೋಡಿ. ನಾನು ಶುರು ಮಾಡಿದ್ದು ಆ ಹಳೆಯ ಕೆಲಸಗಳ ಪಟ್ಟಿಯಿಂದಲೇ. ರಿಯಾಕ್ಟ್ ಇಲ್ಲದೆ ಅದು ಸುಮಾರು ಅರವತ್ತು ಸಾಲಿಗೆ ಮುಗಿಯಿತು. ಅದರಲ್ಲಿ ಮೊದಲು ಬರೆದ ಫಂಕ್ಷನ್‌ನ ಮೊದಲ ಸಾಲು ಪ್ರಿವೆಂಟ್‌ಡೀಫಾಲ್ಟ್.